ತಲೆ ಸಿಗದ ಡೈನೋಸಾರ್ ಏನು ತಿನ್ನುತ್ತಿತ್ತು?

ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಬಾರಾಪಾಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ. ಗೋದಾವರಿ ಕಣಿವೆಯ ಪೋಚಂಪಲ್ಲಿ ಎಂಬ ಹಳ್ಳಿಯ ಹತ್ತಿರ, 1960ರ ಆಸುಪಾಸಿನಲ್ಲಿ ಅಗೆದು ತೆಗೆದ ಮೂಳೆಗಳವು. ತೊಡೆಯ ಮೂಳೆ ಒಂದೇ ಸುಮಾರು 1.7 ಮೀಟರ್ ಉದ್ದ. ಪ್ರಾಥಮಿಕ ಶಾಲೆಯ ಯಾವ ಮಗುವೂ ಅದರ ಎತ್ತರ ಮುಟ್ಟುವುದಿಲ್ಲ, ಅನೇಕ ಮೇಷ್ಟ್ರುಗಳೂ ಮುಟ್ಟುವುದಿಲ್ಲ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷದಲ್ಲಿ ಉತ್ಖನನ ನಡೆದದ್ದರಿಂದ ಆ ಪ್ರಾಣಿಯ ವೈಜ್ಞಾನಿಕ ಹೆಸರಿನಲ್ಲಿ ಅವರ ಹೆಸರೂ ಸೇರಿದೆ. ಸಿಕ್ಕ ಮೂಳೆಗಳು ಸುಮಾರು 300. ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದವು. ಆದರೆ ಒಂದು ತಲೆಬುರುಡೆಯೂ ಸಿಗಲಿಲ್ಲ. ತಲೆಯ ಕಡೆಯಿಂದ ದೊರೆತದ್ದು ಕೆಲವೇ ಕೆಲವು ಬಿಡಿ ಹಲ್ಲುಗಳು.

ತಲೆಯೇ ಇಲ್ಲದ ಈ ಪ್ರಾಣಿ ಏನು ತಿನ್ನುತ್ತಿತ್ತು? ನಾಲ್ಕನೇ ತರಗತಿಯಲ್ಲಿ ಡೈನೋಸಾರ್ ಪಾಠ ಮಾಡುವುದಾದರೆ ಇಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ನಂಬಿಕೆ. ಆ ಹಲ್ಲಿನ ಚಿತ್ರ ಬರೆಯಿರಿ: ತುದಿ ಚಮಚದ ಹಾಗೆ ಅಗಲ, ಅಂಚಿನಲ್ಲಿ ಒರಟು ಕಚ್ಚುಗಳು. ಇದರಿಂದ ಮಾಂಸ ಸೀಳಬಹುದೇ, ಎಲೆ ತರಿಯಬಹುದೇ ಎಂದು ಕೇಳಿ ಸುಮ್ಮನಿರಿ. ಮಕ್ಕಳೇ ಮಾತಾಡುತ್ತಾರೆ. ಒಬ್ಬನಾದರೂ ತನ್ನ ಬಾಯಿಗೆ ಬೆರಳು ಹಾಕಿ ಹಲ್ಲು ತಡವಿ ನೋಡುತ್ತಾನೆ.

ನಮ್ಮ ಶಾಲೆಗಳಿಗೆ ಡೈನೋಸಾರ್ ಬರುವುದು ಹೆಚ್ಚಾಗಿ ಗೋಡೆಯ ಚಾರ್ಟ್ ಆಗಿ. ಸಾಲು ಸಾಲು ಚಿತ್ರ, ಕೆಳಗೆ ಸಾಲು ಸಾಲು ಹೆಸರು. ಟೀವಿ, ಸಿನಿಮಾ, ಆಟಿಕೆಗಳಿಂದ ಕೆಲವು ಮಕ್ಕಳು ಈ ಹೆಸರುಗಳನ್ನು ಮೊದಲೇ ಕಲಿತು ಬಂದಿರುತ್ತಾರೆ. ಏಳು ವರ್ಷದ ಹುಡುಗಿ ‘ಪ್ಯಾಕಿಸೆಫಲೋಸಾರಸ್’ ಎಂದು ತಡವರಿಸದೆ ಹೇಳಿದರೆ ಮನೆಮಂದಿಗೆಲ್ಲ ಸಂಭ್ರಮ. ಆ ಸಂಭ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ದೊಡ್ಡವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬ ಹೆಮ್ಮೆ ಮಗುವಿಗೆ ದಕ್ಕುವುದು ಅಪರೂಪ. ಆದರೆ ಹೆಸರು ಬಾಯಿಪಾಠವಾದ ಮೇಲೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಜೊತೆಗೆ ಆ ಆಟಿಕೆ, ಆ ಸಿನಿಮಾ ಕಾಣದ ಮಕ್ಕಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. ಪಾಠವನ್ನು ಹೆಸರಿನಿಂದ ಮೈಗೆ ತಿರುಗಿಸಿದರೆ ಅದೇ ಮಕ್ಕಳು ಮುಂದೆ ಬರುತ್ತಾರೆ. ಆಡು ಮುಳ್ಳಿನ ನಡುವೆ ಎಲೆಯನ್ನಷ್ಟೇ ಹೇಗೆ ಆಯ್ದುಕೊಳ್ಳುತ್ತದೆ, ದನಕ್ಕೆ ಮೇಲಿನ ಮುಂಬಾಯಲ್ಲಿ ಹಲ್ಲೇ ಇಲ್ಲ, ಕೋಳಿ ಕಾಲಿನಿಂದ ಕೆದರಿ ಕೊಕ್ಕಿನಿಂದ ಹೆಕ್ಕುತ್ತದೆ ಎಂಬುದೆಲ್ಲ ಅವರು ದಿನಾ ಕಂಡದ್ದು.

ಮೊದಲು ಕಾಲಿನ ಪಾಠ. ಡೈನೋಸಾರ್ ಅಂದರೆ ಯಾವುದು, ಯಾವುದಲ್ಲ ಎಂಬುದನ್ನು ನೆಲದ ಮೇಲೆಯೇ ಕಲಿಸಬಹುದು. ಮಕ್ಕಳಿಗೆ ಓತಿಕ್ಯಾತದ ಹಾಗೆ ನಡೆಯಲು ಹೇಳಿ: ಅಂಗೈ ನೆಲಕ್ಕೂರಿ, ಮೊಣಕೈ ಪಕ್ಕಕ್ಕೆ ಚಾಚಿ, ಎದೆ ನೆಲಕ್ಕೆ ತಾಗುವಷ್ಟು ಇಳಿಸಿ ನಾಲ್ಕು ಹೆಜ್ಜೆ. ಏದುಸಿರು ಬರುತ್ತದೆ. ಈಗ ಕೈ ನೆಟ್ಟಗೆ ನಿಲ್ಲಿಸಿ ನಡೆಯಲಿ. ಭಾರ ಮೂಳೆಯ ಮೇಲೆ ನೇರವಾಗಿ ಇಳಿಯುತ್ತದೆ, ತೋಳು ನೋಯುವುದಿಲ್ಲ. ಡೈನೋಸಾರ್‌ಗಳ ಕಾಲು ಮೈಯ ಕೆಳಗೆ ಕಂಬದಂತೆ ನೇರವಾಗಿದ್ದವು. ಹಲ್ಲಿ, ಉಡಗಳಂತೆ ಪಕ್ಕಕ್ಕೆ ಚಾಚಿರಲಿಲ್ಲ. ಸೊಂಟದ ಮೂಳೆಯಲ್ಲಿ ತೊಡೆ ಕೂರುವ ಗುಳಿಯೇ ಆರಪಾರ ತೂತಾಗಿರುತ್ತಿತ್ತು. ಹತ್ತಾರು ಟನ್ ತೂಗುವ ಪ್ರಾಣಿ ನೆಲದ ಮೇಲೆ ಓಡಾಡಲು, ಇನ್ನೊಂದು ಬಗೆಯದು ಎರಡೇ ಕಾಲಿನಲ್ಲಿ ಓಡಲು ಈ ನೇರ ಕಾಲೇ ದಾರಿ ಮಾಡಿಕೊಟ್ಟಿತು. ಈ ಒಂದು ಆಟವಾದ ಮೇಲೆ ಚಾರ್ಟಿನ ಮುಂದೆ ನಿಲ್ಲಿಸಿದರೆ ಮಕ್ಕಳೇ ತಪ್ಪು ಹಿಡಿಯುತ್ತಾರೆ. ಆಕಾಶದಲ್ಲಿ ಹಾರುವ ಟೆರೊಸಾರ್, ನೀರಿನಲ್ಲಿ ಈಜುವ ಪ್ಲೀಸಿಯೊಸಾರ್ ಅದೇ ಕಾಲದ ಸರೀಸೃಪಗಳಾದರೂ ಡೈನೋಸಾರ್‌ಗಳಲ್ಲ. ಬಹುತೇಕ ಚಾರ್ಟುಗಳು ಎಲ್ಲವನ್ನೂ ಒಂದೇ ತಲೆಬರಹದ ಕೆಳಗೆ ತುಂಬಿಬಿಡುತ್ತವೆ.

ಇನ್ನು ಹಲ್ಲು. ಇದನ್ನು ಎಷ್ಟು ದಿನ ಎಳೆದರೂ ತಪ್ಪಿಲ್ಲ, ಏಕೆಂದರೆ ಒಂದು, ಎರಡನೇ ತರಗತಿಯ ಮಕ್ಕಳಿಗೆ ಹಲ್ಲು ಬೀಳುವ ಕಾಲ. ಮುಂದಿನ ಎರಡು ಹಲ್ಲು ಬಿದ್ದ ಮಗುವಿಗೆ ಆಫ್ರಿಕಾದ ನೈಜರ್ ದೇಶದಲ್ಲಿ ಸಿಕ್ಕ ನೈಜರ್‌ಸಾರಸ್ ಕಥೆ ಹೇಳಿ ನೋಡಿ. ಅದರ ಬಾಯಲ್ಲಿ ಸರದಿಗೆ ಕಾದು ಕೂತವೂ ಸೇರಿ 500ಕ್ಕೂ ಹೆಚ್ಚು ಹಲ್ಲುಗಳಿದ್ದವು. ಸುಮಾರು 14 ದಿನಕ್ಕೊಮ್ಮೆ ಹಳೆಯ ಹಲ್ಲಿನ ಜಾಗಕ್ಕೆ ಹೊಸದು ಬರುತ್ತಿತ್ತು ಎಂದು ಹಲ್ಲಿನೊಳಗಿನ ದಿನದಿನದ ಪದರಗಳನ್ನು ಎಣಿಸಿ ತಿಳಿದಿದ್ದಾರೆ. ಅಷ್ಟು ಬೇಗ ಹಲ್ಲು ಸವೆಯಬೇಕಾದರೆ ಅದು ಏನನ್ನು, ಎಲ್ಲಿಂದ ತಿನ್ನುತ್ತಿರಬೇಕು? ಅದರ ಮೂತಿ ಅಗಲವಾಗಿ ಚಪ್ಪಟೆ, ಹಲ್ಲುಗಳೆಲ್ಲ ಮುಂಭಾಗದಲ್ಲಿ ಒಂದೇ ಸಾಲಿನಲ್ಲಿ. ನೆಲದ ಹತ್ತಿರದ ಗಿಡಗಳನ್ನು ಮಣ್ಣು ಮರಳಿನ ಸಮೇತ ಕತ್ತರಿಸುತ್ತಿತ್ತು ಎಂಬುದು ತಜ್ಞರ ತೀರ್ಮಾನ. ಉದ್ದ ಕುತ್ತಿಗೆಯ ಬಳಗದ್ದೇ ಆದರೂ ಅದು ನೆಲಕ್ಕೆ ಬಾಗಿ ಮೇಯುತ್ತಿತ್ತು. ‘ಉದ್ದ ಕುತ್ತಿಗೆ ಇರುವುದು ಎತ್ತರದ ಮರಕ್ಕೆ’ ಎಂಬ ಸಿದ್ಧ ಉತ್ತರವನ್ನು ಮುರಿಯಲು ಈ ಒಂದು ಪ್ರಾಣಿ ಸಾಕು. ಒಂದು ಅಂಗ ಒಂದಕ್ಕಿಂತ ಹೆಚ್ಚು ಕೆಲಸಕ್ಕೆ ಬರಬಹುದು ಎಂಬುದು ಹತ್ತು ವರ್ಷದ ಮಗುವಿಗೆ ಖಂಡಿತ ಅರ್ಥವಾಗುತ್ತದೆ.

ಉದ್ದ ಕುತ್ತಿಗೆಯ ಸಸ್ಯಾಹಾರಿಗಳು ನಮ್ಮಂತೆ ಅಗಿಯುತ್ತಿರಲಿಲ್ಲ. ಕಿತ್ತುಕೊಂಡು ನುಂಗುತ್ತಿದ್ದವು. ಅಗಿಯುವ ದವಡೆ ಹಲ್ಲು, ಅದಕ್ಕೆ ಬೇಕಾದ ದಪ್ಪ ಸ್ನಾಯು ಇಲ್ಲದ್ದರಿಂದ ತಲೆ ಚಿಕ್ಕದು. ತಲೆ ಹಗುರವಾದ್ದರಿಂದ ಕುತ್ತಿಗೆ ಅಷ್ಟುದ್ದ ಇರಲು ಸಾಧ್ಯವಾಯಿತು. ಕುತ್ತಿಗೆಯ ಮೂಳೆಗಳೊಳಗೆ ಗಾಳಿಯ ಗೂಡುಗಳಿದ್ದು ಇನ್ನೂ ಹಗುರ. ನುಂಗಿದ್ದೆಲ್ಲ ಕೊಳೆತು ಜೀರ್ಣವಾಗಲು ಹೊಟ್ಟೆ ದೊಡ್ಡದು. ಒಂದಕ್ಕೊಂದು ಕೊಂಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬನಿಗೆ ಹಲ್ಲು, ಒಬ್ಬಳಿಗೆ ತಲೆ, ಒಬ್ಬನಿಗೆ ಕುತ್ತಿಗೆ, ಒಬ್ಬಳಿಗೆ ಹೊಟ್ಟೆ ಎಂದು ಪಾತ್ರ ಕೊಟ್ಟು ಈ ಕೊಂಡಿಗಳನ್ನು ಅವರ ಬಾಯಿಂದಲೇ ಹೇಳಿಸಬಹುದು. ಎಡ್ಮಂಟೊಸಾರಸ್‌ನಂಥ ಬಾತುಮೂತಿಯ ಡೈನೋಸಾರ್‌ಗಳದ್ದು ಬೇರೆ ದಾರಿ. ನೂರಾರು ಹಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದಂಥ ದವಡೆಯಲ್ಲಿ ಸೊಪ್ಪನ್ನು ಅರೆದೇ ನುಂಗುತ್ತಿದ್ದವು.

ಹಲ್ಲಿನ ಪಾಠ ಹೊಟ್ಟೆಗೆ ಇಳಿದು, ಅಲ್ಲಿಂದ ಲದ್ದಿಗೆ ಬಂದಾಗ ತರಗತಿಯಲ್ಲಿ ನಗು ತುಂಬುತ್ತದೆ. ನಗಲಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ಕಲ್ಲಾಗಿಹೋದ ಡೈನೋಸಾರ್ ಲದ್ದಿ ಸಿಗುತ್ತದೆ. 2005ರಲ್ಲಿ ಭಾರತೀಯ ಮತ್ತು ವಿದೇಶಿ ವಿಜ್ಞಾನಿಗಳು ಅದನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಹುಲ್ಲಿನ ಕುರುಹು ಕಂಡಿತು. ಹುಲ್ಲಿನ ಎಲೆಯಲ್ಲಿ ಮರಳಿನಂಥ ಸಿಲಿಕಾ ಕಣಗಳಿರುತ್ತವೆ; ಒಂದೊಂದು ಬಗೆಯ ಹುಲ್ಲಿಗೆ ಒಂದೊಂದು ಆಕಾರ. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲು ಇರಲೇ ಇಲ್ಲ ಎಂದು ಅಲ್ಲಿಯವರೆಗೆ ತಿಳಿದಿದ್ದರು. ಈ ಲದ್ದಿಯಲ್ಲಿ ಭತ್ತದ ಕುಲಕ್ಕೆ ಹತ್ತಿರವಾದ ಹುಲ್ಲೂ ಇತ್ತು. ಮಧ್ಯಾಹ್ನದ ಬಿಸಿಯೂಟದ ಅನ್ನ ಉಣ್ಣುವ ಮಗುವಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇಕೆ? ಮಾಂಸಾಹಾರಿಯ ಲದ್ದಿಯೂ ಉಂಟು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ್ದು, ಸುಮಾರು 44 ಸೆಂಟಿಮೀಟರ್ ಉದ್ದದ್ದು, ಟಿರಾನೊಸಾರಸ್ ರೆಕ್ಸ್‌ನದ್ದೇ ಇರಬೇಕೆಂದು 1998ರಲ್ಲಿ ವರದಿಯಾಯಿತು. ಅದರ ತುಂಬ ಪುಡಿಯಾದ ಮೂಳೆ ಚೂರುಗಳು. ಬಲವಾದ ದವಡೆ, ದಪ್ಪ ಹಲ್ಲು, ಮೂಳೆ ಪುಡಿಗಟ್ಟುವ ಕಚ್ಚು ಎಂದು ಪುಸ್ತಕ ಹೇಳುವುದನ್ನೇ ಲದ್ದಿಯೂ ಹೇಳುತ್ತದೆ. ಎರಡು ಲದ್ದಿಯ ಚಿತ್ರ ಕೊಟ್ಟು ‘ಯಾವುದು ಯಾರದ್ದು?’ ಎಂದು ಕೇಳಿದರೆ ಅದೇ ಪರೀಕ್ಷೆ.

ಹೊಂದಾಣಿಕೆ ಎಂಬ ಪಾಠದಲ್ಲಿ ನಾವು ದೊಡ್ಡವರೇ ಮಕ್ಕಳ ತಲೆಯಲ್ಲಿ ಒಂದು ತಪ್ಪನ್ನು ನೆಡುತ್ತೇವೆ. ‘ಶತ್ರುವಿನಿಂದ ಪಾರಾಗಲು ಅದು ಮೈಮೇಲೆ ಕವಚ ಬೆಳೆಸಿಕೊಂಡಿತು’ ಅನ್ನುತ್ತೇವೆ. ಯಾವ ಪ್ರಾಣಿಯೂ ಬೇಕೆಂದು ಕುಳಿತು ಏನನ್ನೂ ಬೆಳೆಸಿಕೊಳ್ಳಲಿಲ್ಲ. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಚರ್ಮ ಸ್ವಲ್ಪ ದಪ್ಪ, ಕೆಲವಕ್ಕೆ ತೆಳು. ದಪ್ಪ ಚರ್ಮದವು ಹೆಚ್ಚು ಉಳಿದವು, ಅವುಗಳ ಮರಿಗಳೂ ಉಳಿದವು, ಲಕ್ಷಾಂತರ ವರ್ಷ ಹೀಗೇ ನಡೆಯಿತು. ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಹಿಡಿಯುವುದಿಲ್ಲ, ಆಡಿಸಬೇಕು. ಹಸಿರು ಮತ್ತು ಕೆಂಪು ಕಾಗದದ ಚೂರುಗಳನ್ನು ಸಮಸಮ ಎಣಿಸಿ ಹುಲ್ಲಿನ ಮೇಲೆ ಚೆಲ್ಲಿ. ಹತ್ತು ಎಣಿಸುವುದರೊಳಗೆ ಮಕ್ಕಳು ‘ಬೇಟೆ’ಯಾಡಲಿ. ಉಳಿದ ಒಂದೊಂದು ಚೂರಿಗೂ ಅದೇ ಬಣ್ಣದ ಒಂದೊಂದು ‘ಮರಿ’ ಸೇರಿಸಿ ಮತ್ತೆ ಚೆಲ್ಲಿ. ಕೆಲವು ಸುತ್ತು ಕಳೆದಂತೆ ಹುಲ್ಲೆಲ್ಲ ಹಸಿರು ಚೂರು. ಅದೇ ಆಟವನ್ನು ಕೆಮ್ಮಣ್ಣಿನ ಅಂಗಳದಲ್ಲಿ ಆಡಿಸಿದರೆ ಕೆಂಪು ಗೆಲ್ಲುತ್ತದೆ. ಚೂರುಗಳು ಏನನ್ನೂ ಬಯಸಲಿಲ್ಲ ಎಂಬುದು ಮಕ್ಕಳಿಗೆ ಕಣ್ಣೆದುರೇ ಗೊತ್ತಾಗುತ್ತದೆ.

ಈ ಆಟಕ್ಕೆ ಜೋಡಿಯಾಗಿ ಹೇಳಬೇಕಾದ ಪ್ರಾಣಿ ಬೊರಿಯಲೊಪೆಲ್ಟಾ. 2011ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ, ಗಣಿಯೊಂದರಲ್ಲಿ ಅಗೆಯುವ ಯಂತ್ರಕ್ಕೆ ಸಿಕ್ಕಿದ್ದು. ಕವಚ, ಚರ್ಮ, ಹೊಟ್ಟೆಯೊಳಗಿನ ಕೊನೆಯ ಊಟದ ಸಮೇತ ಕಲ್ಲಾಗಿದೆ. ಆ ಊಟದಲ್ಲಿ ಹೆಚ್ಚಿನದು ಜರೀಗಿಡದ ಎಲೆ. ಚರ್ಮದ ರಾಸಾಯನಿಕ ಪರೀಕ್ಷೆಯಿಂದ ಬೆನ್ನು ಕೆಂಗಂದು, ಹೊಟ್ಟೆ ತಿಳಿ ಬಣ್ಣ ಎಂದು ಕಂಡುಕೊಂಡಿದ್ದಾರೆ. ಬೆನ್ನು ಗಾಢ, ಹೊಟ್ಟೆ ತಿಳಿಯಾದರೆ ದೂರದಿಂದ ಮೈಯ ಉಬ್ಬು ಕಾಣದೆ ಪ್ರಾಣಿ ಹಿನ್ನೆಲೆಯಲ್ಲಿ ಕಲೆತುಹೋಗುತ್ತದೆ. ಸಾವಿರ ಕಿಲೋಗೂ ಮೀರಿದ, ಭುಜದ ಮೇಲೆ ಉದ್ದುದ್ದ ಮುಳ್ಳಿದ್ದ ಪ್ರಾಣಿ ಅಡಗಿಕೊಳ್ಳಬೇಕಿತ್ತೇ? ಯಾರಿಂದ? ಬೋರ್ಡಿನ ಮೇಲೆ ಈ ಪ್ರಶ್ನೆಯನ್ನು ಬರೆದಿಟ್ಟು ಮನೆಗೆ ಕಳಿಸಿ. ಕವಚವನ್ನೂ ಭೇದಿಸುವ, ಕಣ್ಣಿನಿಂದ ಹುಡುಕಿ ಬೇಟೆಯಾಡುವ ಇನ್ನೊಂದು ಪ್ರಾಣಿ ಅಲ್ಲಿತ್ತು ಎಂಬ ಉತ್ತರ ಮಾರನೆಯ ದಿನ ಮಕ್ಕಳಿಂದಲೇ ಬರಬಹುದು.

ಪಠ್ಯದಲ್ಲಾಗಲಿ ಟೀವಿಯಲ್ಲಾಗಲಿ ಹೆಚ್ಚು ಕಾಣಿಸುವುದು ಅಮೆರಿಕದ ಡೈನೋಸಾರ್‌ಗಳೇ. ನಮ್ಮ ನೆಲದವುಗಳ ಕಥೆ ಅವಕ್ಕಿಂತ ಕಡಿಮೆಯದೇನಲ್ಲ. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ 1980ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಎತ್ತಿಟ್ಟ ಮೂಳೆಗಳಿಂದ 2003ರಲ್ಲಿ ರಾಜಸಾರಸ್ ನರ್ಮದೆನ್ಸಿಸ್‌ಗೆ ಹೆಸರು ಬಂತು. ನೆತ್ತಿಯ ಮುಂಭಾಗದಲ್ಲಿ ಗಿಡ್ಡ ಕೊಂಬಿದ್ದ ಮಾಂಸಾಹಾರಿ. ಅದರ ಹತ್ತಿರದ ನೆಂಟ ಸಿಕ್ಕಿರುವುದು ಮಡಗಾಸ್ಕರ್‌ನಲ್ಲಿ, ಏಕೆಂದರೆ ಭಾರತ ಅದಕ್ಕೂ ಹಿಂದೆ ಆ ದ್ವೀಪಕ್ಕೆ ಅಂಟಿಕೊಂಡಿತ್ತು. ಭೂಪಟದ ಪಾಠ, ಪ್ರಾಣಿಯ ಪಾಠ ಎರಡೂ ಅಲ್ಲಿ ಕೂಡುತ್ತವೆ.

ಅದೇ ಗುಜರಾತಿನ ಧೋಲಿ ಡುಂಗ್ರಿಯ ಒಂದು ಕಲ್ಲು ನನಗೆ ಎಲ್ಲಕ್ಕಿಂತ ಇಷ್ಟ. ಭೂವಿಜ್ಞಾನಿ ಧನಂಜಯ ಮೊಹಬೆ ಅದರಲ್ಲಿ ಡೈನೋಸಾರ್ ಮೊಟ್ಟೆ, ಮರಿಯ ಮೂಳೆ ಗುರುತಿಸಿದ್ದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದನ್ನು ನೋಡಿದಾಗ ಕೆಲವು ಮೂಳೆ ಹಾವಿನವು ಎಂದು ಗೊತ್ತಾಯಿತು. ಒಡೆದ ಮೊಟ್ಟೆಯೊಂದನ್ನು ಸುತ್ತಿ ಮಲಗಿದ ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದದ ಮರಿ, ಇನ್ನೆರಡು ಒಡೆಯದ ಮೊಟ್ಟೆ. ಮಣ್ಣು ಕುಸಿದು ಎಲ್ಲ ಹಾಗೆಯೇ ಹೂತುಹೋಗಿತ್ತು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂಬ ಹೆಸರಿಟ್ಟರು. ಅದಕ್ಕೆ ಈಗಿನ ಹೆಬ್ಬಾವಿನಷ್ಟು ಬಾಯಿ ಅಗಲಿಸಲು ಬರುತ್ತಿರಲಿಲ್ಲ. ಗಟ್ಟಿ ಚಿಪ್ಪಿನ ದೊಡ್ಡ ಮೊಟ್ಟೆ ನುಂಗಲಾರದೆ ಮರಿ ಹೊರಬರುವುದನ್ನೇ ಕಾಯುತ್ತಿತ್ತು ಎಂದು ಭಾವಿಸಿದ್ದಾರೆ. ಮರಿ ಬೇಗ ಬೆಳೆದುಬಿಟ್ಟರೆ ಹಾವಿನ ಬಾಯಿಗೆ ಹಿಡಿಯುವುದಿಲ್ಲ. ಇಲ್ಲಿ ಹಾವಿನ ದವಡೆ, ಮೊಟ್ಟೆಯ ಚಿಪ್ಪು, ಮರಿಯ ಬೆಳವಣಿಗೆ ಒಂದರ ಎದುರು ಒಂದು ನಿಂತಿವೆ. ಇದನ್ನು ನಾಟಕ ಮಾಡಿಸಿ. ಹಾವಿನ ಪಾತ್ರಕ್ಕೆ ಜಗಳವಾಗುತ್ತದೆ.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳ ವಿವರ 2023ರಲ್ಲಿ ಪ್ರಕಟವಾಯಿತು. ಅದೇ ಜಿಲ್ಲೆಯ ಪಾಡಲ್ಯದಲ್ಲಿ ಹೊಲ ಉಳುವಾಗ ಸಿಕ್ಕ ಗುಂಡುಕಲ್ಲುಗಳನ್ನು ಹೊಲ ಮತ್ತು ದನಕರು ಕಾಯುವ ಭೈರವನೆಂದು ರೈತರು ಪೂಜಿಸುತ್ತಿದ್ದರು. ಅವೂ ಡೈನೋಸಾರ್ ಮೊಟ್ಟೆಗಳೆಂದು ಆಮೇಲೆ ತಿಳಿಯಿತು. ಇದನ್ನು ಮಕ್ಕಳಿಗೆ ಹೇಳುವಾಗ ರೈತರನ್ನು ಕೀಳಾಗಿ ಕಾಣುವ ಸ್ವರ ಬರಬಾರದು. ಆ ಕಲ್ಲು ಉಳಿದ ಕಲ್ಲಿನಂತಲ್ಲ ಎಂದು ಮೊದಲು ಗುರುತಿಸಿದವರು, ಜೋಪಾನವಾಗಿ ಇಟ್ಟವರು ಅವರೇ.

ಇದನ್ನೆಲ್ಲ ಕೇಳಿದ ಮೇಲೆ ನಮ್ಮ ಮಕ್ಕಳು ‘ನಮ್ಮೂರಲ್ಲಿ ಯಾಕೆ ಸಿಗುವುದಿಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಹಗ್ಗವೊಂದು ಬೇಕು. ಒಂದು ಮೀಟರ್ ಅಂದರೆ ಒಂದು ಕೋಟಿ ವರ್ಷ ಎಂದು ಇಟ್ಟುಕೊಂಡು 23 ಮೀಟರ್ ಹಗ್ಗವನ್ನು ಆಟದ ಬಯಲಿನಲ್ಲಿ ಹಾಸಿ. ಒಂದು ತುದಿಯಲ್ಲಿ ಮೊದಲ ಡೈನೋಸಾರ್‌ಗಳು, ಇನ್ನೊಂದು ತುದಿಯಲ್ಲಿ ಈ ದಿನ. ನಮ್ಮ ತುದಿಯಿಂದ ಸುಮಾರು 15 ಮೀಟರಿಗೆ ಸ್ಟೆಗೊಸಾರಸ್, 7 ಮೀಟರಿಗಿಂತ ತುಸು ಈಚೆಗೆ ಟಿ. ರೆಕ್ಸ್ ಮತ್ತು ನಮ್ಮ ರಾಜಸಾರಸ್, 6.6 ಮೀಟರಿಗೆ ಡೈನೋಸಾರ್‌ಗಳ ಕಾಲ ಮುಗಿಸಿದ ಉಲ್ಕೆಯ ಹೊಡೆತ. ಸ್ಟೆಗೊಸಾರಸ್‌ಗಿಂತ ನಾವೇ ಟಿ. ರೆಕ್ಸ್‌ಗೆ ಹತ್ತಿರ ಎಂಬುದನ್ನು ಮಕ್ಕಳು ಹೆಜ್ಜೆ ಹಾಕಿ ಅಳೆಯಲಿ. ಮನುಷ್ಯ ಎಂಬ ಪ್ರಾಣಿ ಬಂದು ಸುಮಾರು 3 ಲಕ್ಷ ವರ್ಷ, ಅಂದರೆ ಕೊನೆಯ 3 ಸೆಂಟಿಮೀಟರ್. ಮನುಷ್ಯ ಡೈನೋಸಾರ್‌ನಿಂದ ತಪ್ಪಿಸಿಕೊಂಡು ಓಡುವ ಕಾರ್ಟೂನ್ ಆ ಹಗ್ಗದ ಮುಂದೆ ನಿಲ್ಲುವುದಿಲ್ಲ.

ಈಗ ರಾಮನಗರದ ಬೆಟ್ಟ ಈ ಹಗ್ಗದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿ. ಆ ಗ್ರಾನೈಟ್ ಬಂಡೆಗೆ ಸುಮಾರು 250 ಕೋಟಿ ವರ್ಷ. ಹಗ್ಗ 250 ಮೀಟರ್ ಬೇಕು. ಶಾಲೆಯ ಗೇಟು ದಾಟಿ, ಎಷ್ಟೋ ಕಡೆ ಊರೇ ದಾಟಿ ಹೋಗಬೇಕು. ನಮ್ಮ ರಾಜ್ಯದ ಬಹುಪಾಲು ಬಂಡೆ ಮೂಳೆಯಿರುವ ಯಾವ ಪ್ರಾಣಿಯೂ ಹುಟ್ಟುವ ಮೊದಲಿನದು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪುಶಿಲೆ ಮಾತ್ರ ಡೈನೋಸಾರ್‌ಗಳ ಕೊನೆಗಾಲದಲ್ಲೇ ಹರಿದ ದಖ್ಖನ್ ಲಾವಾ. ಅದು ಸವೆದು ಆದದ್ದೇ ಅಲ್ಲಿಯ ಎರೆಮಣ್ಣು. ಕಾದ ಲಾವಾದೊಳಗೆ ಮೂಳೆ ಉಳಿಯುವುದಿಲ್ಲ. ಆದರೆ ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಕೆರೆ ಕಟ್ಟಿದ ಕಡೆ ಕೆಸರಿನ ಪದರ ಉಳಿದಿದೆ, ಕಲಬುರಗಿ ಸೀಮೆಯ ಅಂಥ ಪದರಗಳಲ್ಲಿ ಆ ಕಾಲದ ಸಿಹಿನೀರಿನ ಸೂಕ್ಷ್ಮ ಚಿಪ್ಪುಜೀವಿಗಳು ಸಿಕ್ಕಿವೆ. ಬೀದರ್, ಕಲಬುರಗಿ, ರಾಯಚೂರಿನ ಮಕ್ಕಳಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಯ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ತೆಲಂಗಾಣದ ಯಾಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್ ನಿಂತಿದೆ. ಶೈಕ್ಷಣಿಕ ಪ್ರವಾಸದ ಪಟ್ಟಿಗೆ ಅದು ಸೇರಬೇಕು.

ವಿಜ್ಞಾನಿಗಳು ತಪ್ಪು ತಿದ್ದಿಕೊಂಡ ಕಥೆಗಳನ್ನೂ ಬಿಡದೆ ಹೇಳಬೇಕು. ಇಂಗ್ಲೆಂಡಿನ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಇಗ್ವಾನೊಡಾನ್‌ಗೆ ಹೆಸರಿಟ್ಟರು. ಜೊತೆಗೆ ಸಿಕ್ಕ ಮುಳ್ಳಿನಂಥ ಮೂಳೆಯನ್ನು ಮೂಗಿನ ಕೊಂಬೆಂದು ಭಾವಿಸಿದರು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕಾಗ ಅದು ಕೈಯ ಹೆಬ್ಬೆರಳು ಎಂದು ಗೊತ್ತಾಯಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರ ಪ್ರತಿಮೆ ಮೂಗಿನ ಮೇಲೆ ಕೊಂಬು ಹೊತ್ತೇ ಈಗಲೂ ನಿಂತಿದೆ. ಆ ಪ್ರತಿಮೆಯ ಫೋಟೊ ಕೊಟ್ಟು ತಪ್ಪು ಹುಡುಕಿಸಿ. ಇತ್ಯರ್ಥವಾಗದ ವಾದವೂ ಇದೆ: ಈಜಿಪ್ಟಿನಲ್ಲಿ ಸಿಕ್ಕ ಸ್ಪೈನೊಸಾರಸ್‌ನ ಮೊದಲ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲಿನ ಬಾಂಬ್ ದಾಳಿಯಲ್ಲಿ ನಾಶವಾದವು. 2020ರಲ್ಲಿ ಮೊರಾಕ್ಕೊದ ಮೂಳೆಗಳಿಂದ ಅದರ ಬಾಲ ಹುಟ್ಟಿನಂತೆ ಅಗಲವಾಗಿತ್ತೆಂದು ಕಂಡಿತು. ಅದು ಈಜಿ ಬೇಟೆಯಾಡಿತೇ, ದಡದಲ್ಲಿ ನಿಂತು ಕೊಕ್ಕರೆಯಂತೆ ಮೀನು ಹಿಡಿಯಿತೇ ಎಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ಐದನೇ ತರಗತಿಯ ಎರಡು ಗುಂಪು ಅದೇ ವಾದವನ್ನು ಮುಂದುವರಿಸಬಹುದು, ‘ನಿನ್ನ ಪುರಾವೆ ಏನು?’ ಎಂಬ ಒಂದೇ ನಿಯಮದ ಮೇಲೆ.

ಕೊನೆಗೆ ಕೋಳಿ. ಹಕ್ಕಿಗಳು ಬದುಕುಳಿದ ಡೈನೋಸಾರ್‌ಗಳು ಎಂಬುದರಲ್ಲಿ ಇಂದು ತಜ್ಞರಿಗೆ ಸಂಶಯವಿಲ್ಲ. ಕೋಳಿಯ ಕಾಲಿನ ಹುರುಪೆ, ಮುಂದಕ್ಕೆ ಚಾಚಿದ ಮೂರು ಬೆರಳು, ಮೈ ಕೆಳಗೆ ನೆಟ್ಟಗಿರುವ ಕಾಲು ಇವನ್ನು ತರಗತಿಗೇ ತಂದು ತೋರಿಸಬಹುದು. ಚಿಲಿ ದೇಶದ ಸಂಶೋಧಕರು ಕೋಳಿಮರಿಗಳಿಗೆ ಕೃತಕ ಬಾಲ ಕಟ್ಟಿ ಬೆಳೆಸಿದಾಗ ಅವುಗಳ ತೊಡೆ ಹೆಚ್ಚು ನೆಟ್ಟಗೆ ನಿಂತು, ನಡಿಗೆ ಹಳೆಯ ಡೈನೋಸಾರ್‌ಗಳದ್ದಕ್ಕೆ ಹತ್ತಿರವಾಯಿತೆಂದು 2014ರಲ್ಲಿ ಪ್ರಕಟಿಸಿದರು. ಮಕ್ಕಳು ಮನೆಯಲ್ಲಿ ಇದನ್ನು ಮಾಡಲು ಹೊರಡದಂತೆ ನೋಡಿಕೊಳ್ಳಿ. ತಮ್ಮ ಸೊಂಟಕ್ಕೇ ಬಾಲ ಕಟ್ಟಿಕೊಂಡು ನಡೆದು ನೋಡಲಿ. ಚೀನಾದ ಲಿಯಾವೊನಿಂಗ್‌ನಲ್ಲಿ ಸಿಕ್ಕ ಪುಟ್ಟ ಸೈನೊಸಾರೊಪ್ಟೆರಿಕ್ಸ್‌ನ ಮೈಮೇಲೆ ತುಪ್ಪುಳದ ಕುರುಹಿತ್ತು. ಅದರೊಳಗಿನ ಸೂಕ್ಷ್ಮ ಬಣ್ಣಕಣಗಳ ಆಕಾರ ನೋಡಿ, ಬಾಲಕ್ಕೆ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದವು ಎಂದು 2010ರಲ್ಲಿ ಹೇಳಲು ಸಾಧ್ಯವಾಯಿತು.

ರಾಜಸಾರಸ್‌ನ ಚರ್ಮ ಮಾತ್ರ ಈವರೆಗೆ ಸಿಕ್ಕಿಲ್ಲ. ಹಾಗಾಗಿ ಚಿತ್ರ ಬರೆಯುವ ಅವಧಿಯಲ್ಲಿ ‘ಸರ್, ಇದಕ್ಕೆ ಯಾವ ಬಣ್ಣ ಹಚ್ಚಲಿ?’ ಎಂದು ಯಾರಾದರೂ ಕೇಳಿದರೆ ಬಣ್ಣದ ಪೆಟ್ಟಿಗೆಯನ್ನು ಅವರ ಕಡೆಗೇ ಸರಿಸಿ, ಆ ಬಣ್ಣ ಯಾಕೆ ಆರಿಸಿದೆ, ಅದು ಎಂಥ ಕಾಡಿನಲ್ಲಿ, ಯಾರ ಕಣ್ಣು ತಪ್ಪಿಸಿ ಓಡಾಡುತ್ತಿತ್ತು ಎಂದು ಚಿತ್ರದ ಕೆಳಗೆ ಎರಡು ಸಾಲು ಬರೆಯಲು ಹೇಳಿ.